ಉಮ್ಮತ್ತಿ ಹೂವಿನ ಪೆಟ್ಟಿಗೆ

ಕಂಪ್ಲಿಯಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿ, ತೋಟಪ್ಪನ ಅಕ್ಕಿ ಗಿರಣಿ ಇತ್ತು. ಗಿರಣಿಗೆ ಅಂಟಿಕೊಂಡೇ ಮನೆ. ಹಗಲೆಲ್ಲ ಹೊಟ್ಟು ಹಾರಿ ಬಂದು ತೊಲೆಗಳ ಮೇಲೆ, ದೇವರ ಜಗುಲಿಯ ಮೇಲೆ, ತೋಟಪ್ಪನ ಮೀಸೆಯ ಮೇಲೆ ಕೂರುತ್ತಿತ್ತು. ಹೊಟ್ಟು ಕೂರದ ಜಾಗ ಆ ಮನೆಯಲ್ಲಿ ಒಂದೇ. ಪಡಸಾಲೆಯ ಮೂಲೆಯಲ್ಲಿ, ತೇಗದ ಮೇಜಿನ ಮೇಲೆ, ರೇಷ್ಮೆ ರುಮಾಲು ಹೊದ್ದು ಅಲ್ಲಿ ಗ್ರಾಮಫೋನ್ ಕೂತಿತ್ತು.

ಹೊಸಪೇಟೆಯಲ್ಲಿ ಬಿಡಾರ ಹೂಡಿದ್ದ ಒಂದು ನಾಟಕ ಕಂಪನಿ ಮುರಿದುಬಿದ್ದಾಗ ತೋಟಪ್ಪ ಅದನ್ನು ಕೊಂಡುಕೊಂಡಿದ್ದ. ಚಕ್ಕಡಿಯಲ್ಲಿ ಹುಲ್ಲು ಹಾಸಿ ಪೆಟ್ಟಿಗೆಯನ್ನು ಮಲಗಿಸಿ, ಅದರ ಹಿತ್ತಾಳೆಯ ತುತ್ತೂರಿಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಂಪ್ಲಿ ಸೇರಿದ್ದ. ಬೀಳ್ಕೊಡುವಾಗ ಕಂಪನಿಯ ಹಾರ್ಮೋನಿಯಂ ಮಾಸ್ತರ ಅವನ ಕೈ ಹಿಡಿದುಕೊಂಡು, ಒಂದು ಹಾಡಿಗೆ ಒಂದು ಮುಳ್ಳು, ಇದನ್ನು ಮರೆಯಬೇಡಿ ಎಂದಿದ್ದ. ಹಾಡಿನ ಪ್ಲೇಟಿನ ಗೆರೆಯಲ್ಲಿ ಓಡಿ ಓಡಿ ಉಕ್ಕಿನ ಮುಳ್ಳಿನ ತುದಿ ಸವೆಯುತ್ತದೆ. ಸವೆದ ಮುಳ್ಳು ಹಾಡುವುದನ್ನು ಬಿಟ್ಟು ಪ್ಲೇಟನ್ನು ಉಳಲು ಶುರುಮಾಡುತ್ತದೆ ಎಂದು ತಿಳಿಸಿದ್ದ. ತೋಟಪ್ಪನ ತಾತ ಮುತ್ತಾತಂದಿರು ಉತ್ತು ಬಿತ್ತಿದವರು. ಉಳುವುದು ಎಂಬ ಮಾತು ಅವನಿಗೆ ನೆಟ್ಟಗೆ ಅರ್ಥವಾಯಿತು.

ಅಂದಿನಿಂದ ಅವನ ಆರೈಕೆಯನ್ನು ನೋಡಬೇಕಿತ್ತು. ಗಿರಣಿಯಿಂದ ಬಂದವನು ಮೊದಲು ಮೊಣಕೈ ತನಕ ಕೈ ತೊಳೆಯುವನು. ಪ್ಲೇಟನ್ನು ಅಂಚಿನಲ್ಲಷ್ಟೇ ಹಿಡಿದು, ಹಳೆಯ ತೆಳು ಮಲ್ಲು ಬಟ್ಟೆಯಿಂದ ಗೆರೆ ಸುತ್ತುವ ದಿಕ್ಕಿಗೇ ಒರೆಸುವನು. ಪುಟ್ಟ ತಗಡಿನ ಡಬ್ಬಿಯಿಂದ ಹೊಸ ಮುಳ್ಳೊಂದನ್ನು ತೆಗೆದು, ಬೆಳಕಿಗೆ ಹಿಡಿದು ನೋಡಿ, ಪೆಟ್ಟಿಗೆಯ ಗುಂಡು ತಲೆಗೆ ಸಿಕ್ಕಿಸಿ ತಿರುಪು ಬಿಗಿಯುವನು. ಕೀಲಿ ಕೊಡುವಾಗ ಉಸಿರು ಬಿಗಿಹಿಡಿಯುವನು. ಹೆಂಡತಿ ಕೊಟ್ರಬಸಮ್ಮನಿಗೆ ಹೆರಿಗೆಯಾದಾಗಲೂ ಈ ಮನುಷ್ಯ ಇಷ್ಟು ಉಸಿರು ಹಿಡಿದಿರಲಿಲ್ಲ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಳ್ಳಲು ಕಲಿಸಿದವಳು ಕೊಟ್ರಬಸಮ್ಮನೇ.

ಮನೆಯ ಹಿರಿಯಳು ತೋಟಪ್ಪನ ತಾಯಿ ಮುದುಕಮ್ಮ. ಆಕೆಗೆ ಕಿವಿ ಪೂರಾ ಹೋಗಿ ಎಷ್ಟೋ ವರ್ಷವಾಗಿತ್ತು. ಕಿವಿಯ ಬಳಿ ಬಾಯಿಟ್ಟು ಕೂಗಿದರೆ, ಗಾಳಿ ಬಡಿದ ಹಾಗಾಗುತ್ತದೆ, ಮಾತು ತಿಳಿಯುವುದಿಲ್ಲ ಎನ್ನುತ್ತಿದ್ದಳು. ಊಟಕ್ಕೆ, ಸ್ನಾನಕ್ಕೆ, ನೆಂಟರು ಬಂದದ್ದಕ್ಕೆ ಎಲ್ಲದಕ್ಕೂ ಮನೆಯಲ್ಲಿ ಕೈಸನ್ನೆ ಗೊತ್ತಾಗಿತ್ತು. ಪೆಟ್ಟಿಗೆ ಮನೆಗೆ ಬಂದ ದಿನ ಮುದುಕಮ್ಮ ಅದರ ತುತ್ತೂರಿಯನ್ನೇ ಬಹಳ ಹೊತ್ತು ನೋಡಿದಳು. ಬುಡದಲ್ಲಿ ಸಣ್ಣಗಾಗಿ, ಬಾಯಿಯಲ್ಲಿ ಅರಳಿದ ಆ ಆಕಾರ ಉಮ್ಮತ್ತಿ ಹೂವಿನದೇ. ಉಮ್ಮತ್ತಿ ಶಿವನ ತಲೆಯ ಮೇಲೆ ಏರುವ ಹೂ. ಆಕೆ ಕೈ ಮುಗಿದಳು. ಮುಗಿದವಳು, ಹೂವಿನೊಳಗೆ ಜೇನಿದೆಯೋ ಎಂದು ನೋಡುವ ಹಾಗೆ ತಲೆಯನ್ನು ಅದರ ಬಾಯಿಯೊಳಗೆ ಇಟ್ಟಳು. ತೋಟಪ್ಪ ಆಗ ತಾನೆ ಹೊಸ ಮುಳ್ಳು ಹಾಕಿ ಭಕ್ತಿಯ ಪ್ಲೇಟೊಂದನ್ನು ಬಿಟ್ಟಿದ್ದ. ಹಾಡಿನ ಮೊದಲಿಗೆ ಗಾಯಕ ಶಿವನ ಹೆಸರನ್ನು ಎತ್ತರದ ದನಿಯಲ್ಲಿ ಕರೆಯುತ್ತಾನೆ. ಮುದುಕಮ್ಮ ಹಾಗೇ ನಿಂತುಬಿಟ್ಟಳು. ತಲೆ ಹೊರಗೆ ತೆಗೆದಾಗ ಆಕೆಯ ಮುಖ, ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ಬೆಳಗುತ್ತಿತ್ತು. ಕೇಳಿತು ಎಂದಳು. ಮತ್ತೆ ಹಾಕಿಸಿದಳು. ಮತ್ತೆ ಕೇಳಿತು.

ಅದರ ಮುಂದಿನ ಸೋಮವಾರ ಮನೆತನದ ಗುರುಗಳಾದ ಮರಿಸ್ವಾಮಿಯವರು ಪಾದಪೂಜೆಗೆ ಬಂದರು. ಸಂಡೂರಿನ ಕಡೆ ಗುಡ್ಡದ ಮಠದಲ್ಲಿದ್ದ ಹಿರಿಯರು. ತೆಳ್ಳಗಿನ ದೇಹ, ಮೆಲ್ಲಗಿನ ನಗೆ. ಅವರ ಪಾದದ ಮೇಲೆ ಪತ್ರೆ ಇಟ್ಟು ಮುದುಕಮ್ಮ ಒಂದು ನೇಮ ಹಿಡಿದಳು. ಕಿವಿಯೇ ಇಲ್ಲವೆಂದುಕೊಂಡಿದ್ದ ತನಗೆ ಶಿವ ಒಂದು ಕಿಂಡಿ ತೆರೆದಿದ್ದಾನೆ. ಇನ್ನು ಮೇಲೆ ದಿನವೂ ಆತನ ಹೆಸರು ಕಿವಿಗೆ ಬಿದ್ದ ಮೇಲೆಯೇ ಅನ್ನ ಮುಟ್ಟುವುದು. ಅಯ್ಯನವರು ತಲೆಯಾಡಿಸಿದರು. ತೋಟಪ್ಪ ಆನಂದಪಟ್ಟ, ಏಕೆಂದರೆ ಪೆಟ್ಟಿಗೆಯನ್ನು ಮನೆಯಿಂದ ಹೊರಗೆ ಹಾಕು ಎನ್ನುವ ಬಾಯಿಗಳೆಲ್ಲ ಅಂದಿಗೆ ಮುಚ್ಚಿದವು.

ಆ ಆನಂದದಲ್ಲಿ ಅವನು ಒಂದು ಮಾತು ಮರೆತಿದ್ದ. ಹಿರಿಯರು ಉಣ್ಣದ ಹೊರತು ಕಿರಿಯರು ಉಣ್ಣಬಾರದು ಎಂಬುದು ಆ ಮನೆಯಲ್ಲಿ ಅವನ ತಾತನ ಕಾಲದಿಂದ ನಡೆದುಬಂದ ಪದ್ಧತಿ. ಜ್ವರ ಬಂದವರೂ ಅದನ್ನು ಮುರಿದಿರಲಿಲ್ಲ. ಈಗ ಮುದುಕಮ್ಮನ ಅನ್ನ ಪೆಟ್ಟಿಗೆಯ ಹಾಡಿಗೆ ಕಟ್ಟುಬಿದ್ದಿತ್ತು, ಮನೆಮಂದಿಯ ಅನ್ನ ಮುದುಕಮ್ಮನ ಅನ್ನಕ್ಕೆ. ಎಲ್ಲವೂ ಕೊನೆಗೆ ಒಂದು ಮುಳ್ಳಿನ ತುದಿಯ ಮೇಲೆ ನಿಂತಿತ್ತು.

ಮುಳ್ಳು ಸಿಗುವ ತನಕ ತೊಂದರೆ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮುದುಕಮ್ಮ ಬರುವಳು, ತುತ್ತೂರಿಯೊಳಗೆ ಒಂದು ಪತ್ರೆ, ಎರಡು ಹೂ, ಚಿಟಿಕೆ ವಿಭೂತಿ ಹಾಕುವಳು. ತೋಟಪ್ಪ ಕೈಗೆ ಸಿಕ್ಕಷ್ಟನ್ನು ಆರಿಸಿ ತೆಗೆಯುವನು. ಆಕೆ ತಲೆ ಇಟ್ಟು ಹಾಡು ಕೇಳುವಳು, ಎಲೆ ಹಾಕುವರು. ಮುಳ್ಳು ಒಂದು ಹಾಡಿಗೆ ಮುಗಿಯಿತಷ್ಟೆ. ಅದನ್ನು ಬೀದಿಗೆ ಎಸೆಯಲು ಮುದುಕಮ್ಮ ಒಪ್ಪಲಿಲ್ಲ. ಶಿವನ ಹೆಸರು ನುಡಿದ ಉಕ್ಕನ್ನು ದನಕರುಗಳ ಕಾಲಿಗೆ ಹಾಕುವುದುಂಟೇ? ಆಕೆ ಅವನ್ನು ಒಂದು ಕುಡಿಕೆಯಲ್ಲಿ ಕೂಡಿಸಿ, ಮೇಲೆ ವಿಭೂತಿ ಉದುರಿಸಿ, ಜಗುಲಿಯ ಕೆಳಗೆ ಇಟ್ಟಿದ್ದಳು. ನಾಟಕದ ಹಾಡು ಹಾಡಿದ ಮುಳ್ಳುಗಳಿಗೆ ಈ ಮರ್ಯಾದೆ ಇರಲಿಲ್ಲ. ಅವು ತಿಪ್ಪೆಗೆ ಹೋಗುತ್ತಿದ್ದವು.

ಆಮೇಲೆ ಜರ್ಮನ್ ಯುದ್ಧ ಬಂತು. ಮೊದಲು ಸೀಮೆಎಣ್ಣೆ ತೆಳುವಾಯಿತು, ಬಟ್ಟೆ ಕಾಣೆಯಾಯಿತು. ವಿಲಾಯಿತಿಯಿಂದ ಬರುತ್ತಿದ್ದ ಮುಳ್ಳಿನ ಡಬ್ಬಿಯಂತೂ ಹಡಗು ಹತ್ತುವುದನ್ನೇ ಬಿಟ್ಟಿತು. ತೋಟಪ್ಪ ನಾಟಕದ ಪ್ಲೇಟುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಏರಿಸಿ, ಉಳಿದ ಮುಳ್ಳುಗಳನ್ನು ತಾಯಿಯ ಹಾಡಿಗೇ ಮೀಸಲಿಟ್ಟ. ಶ್ರಾವಣದ ಹೊತ್ತಿಗೆ ಡಬ್ಬಿಯ ತಳ ಕಂಡಿತು. ಅವನು ಬಸ್ಸು ಹಿಡಿದು ಹೊಸಪೇಟೆಗೆ, ಅಲ್ಲಿಂದ ರೈಲಿನಲ್ಲಿ ಬಳ್ಳಾರಿಗೆ ಹೋದ. ಬಳ್ಳಾರಿಯ ಅಂಗಡಿಯವನು ಅವನನ್ನು ಕೂರಿಸಿ, ಚಹಾ ತರಿಸಿ, ಮುಳ್ಳು ಮಾಡುವ ಉಕ್ಕಿನಲ್ಲಿ ಈಗ ಗುಂಡು ಮಾಡುತ್ತಿದ್ದಾರೆಂದು ವಿವರವಾಗಿ ತಿಳಿಸಿ ಕಳಿಸಿದ.

ರೈಲಿನಲ್ಲಿ ಮರಳುವಾಗ ತೋಟಪ್ಪನಿಗೆ ಒಂದು ಧೈರ್ಯವಿತ್ತು. ಅವ್ವನ ಕುಡಿಕೆ! ಅದರಲ್ಲಿ ವರ್ಷಗಟ್ಟಲೆಯ ಮುಳ್ಳುಗಳಿವೆ. ಸಾಣೆ ಹಿಡಿಸಿ ತುದಿ ಮಾಡಿಸಿದರೆ ಯುದ್ಧ ಮುಗಿಯುವವರೆಗೂ ಸಾಕು. ಇದನ್ನು ತಾನೇ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೆ ಅಭಿಮಾನವೂ ಬಂತು. ಮನೆಗೆ ಬಂದವನೇ ಜಗುಲಿಯ ಕೆಳಗೆ ಬಗ್ಗಿ ನೋಡಿದ. ಕುಡಿಕೆ ಇರಲಿಲ್ಲ.

ಕೊಟ್ರಬಸಮ್ಮ ಸೆರಗು ಬಾಯಿಗೆ ಹಿಡಿದು, ನಡೆದದ್ದನ್ನು ಹೇಳಿದಳು. ಅಂದು ಶ್ರಾವಣದ ಕಡೆಯ ಸೋಮವಾರ. ಅತ್ತೆ ಚಕ್ಕಡಿ ಕಟ್ಟಿಸಿಕೊಂಡು ಹಂಪಿಗೆ ಹೋಗಿ, ವಿರೂಪಾಕ್ಷನ ದರ್ಶನ ಮಾಡಿ, ಕುಡಿಕೆಯ ಮುಳ್ಳುಗಳನ್ನೆಲ್ಲ ಹೊಳೆಗೆ ಬಿಟ್ಟು, ಕೈ ಮುಗಿದು ಬಂದಿದ್ದರು.

ತೋಟಪ್ಪ ಜಗುಲಿಯ ಕೆಳಗೆ ಮತ್ತೊಮ್ಮೆ ಕೈಯಾಡಿಸಿ ನೋಡಿದ. "ಇಲ್ಲೇ ಕಂಪ್ಲಿ ಹೊಳ್ಯಾಗ ಬಿಟ್ಟಿದ್ರ, ಮಂದೀನ ಇಳಿಸಿ ಹುಡುಕಿಸ್ತಿದ್ದೆ," ಎಂದ.

"ಅದಕ್ಕ ಹಂಪಿಗೆ ಹೋಗ್ಯಾರ," ಎಂದಳು ಕೊಟ್ರಬಸಮ್ಮ.

ಉಳಿದದ್ದು ಪೆಟ್ಟಿಗೆಯಲ್ಲಿ ಸಿಕ್ಕಿಸಿದ್ದ ಒಂದೇ ಮುಳ್ಳು. ಅದನ್ನು ತೋಟಪ್ಪ ಕೆಲವು ದಿನ ಸ್ವಲ್ಪ ಸ್ವಲ್ಪ ತಿರುಗಿಸಿ, ಸವೆಯದ ಮಗ್ಗುಲು ಕೆಳಗೆ ಬರುವಂತೆ ಮಾಡಿ ನಡೆಸಿದ. ಮಗ್ಗುಲುಗಳೂ ಮುಗಿದವು. ಹಾಡಿನ ದನಿ ದಿನದಿನಕ್ಕೆ ಒಡೆಯಿತು. ಗಾಯಕನಿಗೆ ನೆಗಡಿಯಾಗಿ, ನೆಗಡಿ ಕೆಮ್ಮಾಗಿ, ಕಡೆಗೆ ಹಂಚಿನ ಮೇಲೆ ಸೌಟು ಎಳೆದಂತೆ ಕೇಳತೊಡಗಿತು. ಮುದುಕಮ್ಮ ತಲೆಯನ್ನು ಹೆಚ್ಚು ಹೆಚ್ಚು ಒಳಗೆ ಇಡುತ್ತಿದ್ದಳು. ತೋಟಪ್ಪನಿಗೆ ಮುಳ್ಳು ಪ್ಲೇಟಿನ ಗೆರೆಗಳನ್ನು ಉಳುವುದು ಕಣ್ಣಿಗೇ ಕಾಣುವಂತಾಗಿ, ಹಾಡು ಮುಗಿಯುವ ತನಕ ಗಿರಣಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

ಗಿರಣಿಯಲ್ಲಿ ಉಳಿ, ಕುಡುಗೋಲುಗಳಿಗೆ ಸಾಣೆ ಹಿಡಿಯುವ ಗುಡ್ಡಪ್ಪ ಎಂಬುವನಿದ್ದ. ಕಾಣುವುದನ್ನೆಲ್ಲ ಹರಿತ ಮಾಡುವುದು ಅವನ ಸ್ವಭಾವ. ತೋಟಪ್ಪ ಆ ಮುಳ್ಳನ್ನು ಅವನ ಕೈಗೆ ಕೊಟ್ಟು, ತುದಿ ಮಾತ್ರ, ಹಗುರವಾಗಿ ಎಂದ. ಗುಡ್ಡಪ್ಪ ನಾಲಗೆ ಕಚ್ಚಿಕೊಂಡು ಸಾಣೆ ತಿರುಗಿಸಿದ. ತುದಿ ಬಂತು; ಇನ್ನೊಂದಿಷ್ಟು ಚೂಪಾಗಲಿ ಎಂದ; ಬಂತು; ಇನ್ನೊಂದಿಷ್ಟು ಎಂದ. ಕಡೆಗೆ ಅವನ ಬೆರಳುಗಳ ನಡುವೆ ಹಿಡಿಯಲು ಏನೂ ಉಳಿದಿರಲಿಲ್ಲ. ಬೆರಳುಗಳನ್ನೇ ಬಿಚ್ಚಿ ತೋರಿಸಿದ.

ಮರುದಿನ ಬೆಳಿಗ್ಗೆ ಕೊಟ್ರಬಸಮ್ಮನ ಹೊಲಿಗೆ ಸೂಜಿ ಸಿಕ್ಕಿಸಿದರು. ಅದು ಗೆರೆಯಿಂದ ಗೆರೆಗೆ ಹಾರಿ, ಹಾಡಿನ ಮೊದಲನ್ನೂ ಕೊನೆಯನ್ನೂ ಒಂದೇ ಉಸಿರಿನಲ್ಲಿ ಮುಗಿಸಿ ಮುರಿದುಬಿತ್ತು. ಮುದುಕಮ್ಮ ತಲೆ ಹೊರಗೆ ತೆಗೆದು, ಇಲ್ಲ ಎಂದು ಕೈ ಆಡಿಸಿದಳು. ತೋಟಪ್ಪ ಹಣೆಯ ಮೇಲೆ ಮೂರು ಬೆರಳು ಎಳೆದು, ಶಿವ ಎಂದು ಸನ್ನೆ ಮಾಡಿದ.

"ಅದು ಕಂಡಂಗಾತು, ಕೇಳಿದಂಗಾಗಲಿಲ್ಲ," ಎಂದಳು ಆಕೆ ಶಾಂತವಾಗಿ. ತನಗೆ ಒಂದು ಲೋಟ ಹಾಲು ಸಾಕು, ಹಾಲು ಅನ್ನವಲ್ಲ. ನೀವೆಲ್ಲ ಉಂಡುಕೊಳ್ಳಿ ಎಂದು ಹೇಳಿ ಕಂಬಕ್ಕೆ ಒರಗಿ ಕೂತಳು. ಉಂಡುಕೊಳ್ಳಿ ಎಂದು ಹಿರಿಯರು ಹೇಳಿದ ಮಾತ್ರಕ್ಕೆ ಆ ಮನೆಯಲ್ಲಿ ಯಾರಾದರೂ ಉಂಡಾರೇ? ಅಡುಗೆಮನೆಯಲ್ಲಿ ರೊಟ್ಟಿ ತಟ್ಟಿ ಆಗಿತ್ತು, ಬದನೆಕಾಯಿ ಎಣಗಾಯಿ ಆಗಿತ್ತು, ಹೊಸ ಅಕ್ಕಿಯ ಅನ್ನ ಹಬೆಯಾಡುತ್ತಿತ್ತು. ಗೋಡೆಯ ಆಚೆ ಗಿರಣಿ ಊರಿಗೆಲ್ಲ ಅಕ್ಕಿ ಮಾಡುತ್ತಿತ್ತು. ಈಚೆ, ಗಿರಣಿಯ ಸಾವುಕಾರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ಇಳಿಹೊತ್ತಿಗೆ ತೋಟಪ್ಪ ಲೆಕ್ಕ ನೋಡಿ ಬರುತ್ತೇನೆಂದು ಗಿರಣಿಗೆ ಹೋಗಿ ಬಂದ. ಅವನ ಮೀಸೆಯಲ್ಲಿ ಅಕ್ಕಿಯ ನುಚ್ಚು ಸಿಕ್ಕಿಕೊಂಡಿದ್ದನ್ನು ಕೊಟ್ರಬಸಮ್ಮ ಕಂಡಳು. ತಾನು ಮುಟ್ಟಿದ್ದು ಅಕ್ಕಿ, ಅನ್ನವಲ್ಲ, ಬೇಯದ್ದಕ್ಕೆ ಪದ್ಧತಿಯ ತಡೆ ಇಲ್ಲ ಎಂದು ಅವನು ವಾದಿಸಿದ. ಕೊಟ್ರಬಸಮ್ಮ ನೇರ ಗಿರಣಿಗೆ ನಡೆದಳು. ತಾನೂ ಒಂದು ಹಿಡಿ ತಂದುಕೊಂಡು ಒಲೆಯ ಹಿಂದೆ ಕೂತು ಅಗಿದಳು.

ಆ ಸಂಜೆಯೇ ತೋಟಪ್ಪ ಹೊಸಪೇಟೆಗೆ ಆಳು ಕಳಿಸಿ ಪಾಲಯ್ಯನನ್ನು ಕರೆಸಿದ. ಪಾಲಯ್ಯ ಹೊಸಪೇಟೆಯಲ್ಲಿ ಹೊಲಿಗೆ ಯಂತ್ರ, ಗ್ಯಾಸ್‌ಲೈಟು, ಹಾರ್ಮೋನಿಯಂ ಎಲ್ಲ ರಿಪೇರಿ ಮಾಡುತ್ತಿದ್ದವನು. ಎಂಥ ಯಂತ್ರವಿದ್ದರೂ ತನಗೆ ಗೊತ್ತೆನ್ನುವನು, ಬಿಚ್ಚಿದ ಮೇಲೆ ಇದು ಬೇರೆ ಜಾತಿಯದು ಎನ್ನುವನು. ಅವನು ಮರುದಿನ ಮುಂಜಾನೆಯೇ ಬಂದ. ಅಂದು ಸೋಮವಾರ. ಅದೇ ಹೊತ್ತಿಗೆ, ಹೇಳಿ ಕಳಿಸದೆಯೇ, ಮರಿಸ್ವಾಮಿಯವರೂ ಬಂದರು. ದರೋಜಿಯಲ್ಲಿ ಹಿಂದಿನ ರಾತ್ರಿ ಒಂದು ಮನೆಯ ಪಾದಪೂಜೆ ಮುಗಿಸಿ, ಊಟಕ್ಕೆ ತೋಟಪ್ಪನ ಮನೆಯೇ ಸರಿಯೆಂದು ಹಸಿದುಕೊಂಡೇ ಹೊರಟಿದ್ದರು.

ಕಾಲು ತೊಳೆದು, ಮಣೆಯ ಮೇಲೆ ಕೂತು, ಮನೆಯ ಸ್ಥಿತಿಯನ್ನು ಕೇಳಿದ ಮೇಲೆ ಅಯ್ಯನವರ ಮೆಲ್ಲಗಿನ ನಗೆ ಇನ್ನಷ್ಟು ಮೆಲ್ಲಗಾಯಿತು. ಮುದುಕಮ್ಮ ಅವರಿಗಾದರೂ ಎಡೆ ಮಾಡಿ ಎಂದು ಸನ್ನೆ ಮಾಡಿದಳು. ಹಿರಿಯಾಕೆ ಹಸಿದಿರುವಾಗ ಗುರುವಿನ ಗಂಟಲಲ್ಲಿ ತುತ್ತು ಹೇಗೆ ಇಳಿದೀತು? ತೋಟಪ್ಪ ಅವರ ಮುಂದೆ ಕೈ ಜೋಡಿಸಿದ.

"ಅಯ್ಯಾರ, ನೀವು ಒಂದು ಮಾತು ಅಂದು ನೇಮ ಬಿಡಿಸ್ರಿ. ನಮ್ಮವ್ವ ನಿಮ್ಮ ಮಾತು ಮೀರಂಗಿಲ್ಲ."

"ಅಂದೇನು ಮಾಡ್ಲಿ, ತೋಟಪ್ಪ," ಎಂದರು ಅಯ್ಯನವರು. "ಆಕೀಗೆ ಕೇಳಂಗಿಲ್ಲಲ್ಲ."

ಇನ್ನು ಪಾಲಯ್ಯನೇ ಗತಿ. ಅವನು ಹಿತ್ತಲಿಗೆ ಹೋಗಿ, ಬೇಲಿಯ ಜಾಲಿಯಿಂದ ನಾಲ್ಕಾರು ಒಣಮುಳ್ಳು ಕಿತ್ತು ತಂದು, ಅದರಲ್ಲೊಂದನ್ನು ಆರಿಸಿ, ಬುಡ ಕೆತ್ತಿ ಪೆಟ್ಟಿಗೆಯ ತಲೆಗೆ ಸಿಕ್ಕಿಸಿದ. ಯುದ್ಧದ ಕಾಲದಲ್ಲಿ ಮದ್ರಾಸಿನವರೂ ಇದನ್ನೇ ಮಾಡುತ್ತಾರೆಂದು ಹೇಳಿದ. ಮದ್ರಾಸನ್ನು ಅವನು ನೋಡಿರಲಿಲ್ಲ. ತೋಟಪ್ಪ ಕೀಲಿ ಕೊಟ್ಟ. ಮುಳ್ಳು ಪ್ಲೇಟನ್ನು ಮುಟ್ಟಿತು.

ಹಾಡು ಬಂತು. ಒಡೆದ ದನಿ ಇಲ್ಲ, ಕರಕರ ಇಲ್ಲ. ಬೆಳಗಿನ ಜಾವ ಹೊಳೆಯ ಆಚೆ ದಡದಲ್ಲಿ ಯಾರೋ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತ ನೀರಿಗೆ ಇಳಿದಂತೆ, ಸಣ್ಣಗೆ, ಮೆತ್ತಗೆ ಬಂತು. ಅಯ್ಯನವರು ಕಣ್ಣು ಮುಚ್ಚಿದರು. ಗುಡ್ಡಪ್ಪ ಸಾಣೆ ನಿಲ್ಲಿಸಿ ಬಾಗಿಲಿಗೆ ಬಂದ. ಕೊಟ್ರಬಸಮ್ಮನ ಕೈಯ ಸೌಟು ಅರ್ಧದಲ್ಲಿ ನಿಂತಿತು. ಶಿವನ ಹೆಸರು ಪಡಸಾಲೆಯಲ್ಲಿ ಎಲ್ಲರ ಕಿವಿಗೂ ಬಿತ್ತು, ಮುದುಕಮ್ಮನ ಕಿವಿಗೆ ಬಿಟ್ಟು. ಆಕೆ ತುತ್ತೂರಿಯೊಳಗೆ ಹೆಗಲ ತನಕ ಹೋಗಿದ್ದಳು. ಹೊರಗೆ ಬಂದು, ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಹಾಡಾಕತ್ತೈತೇನು?" ಎಂದು ಕೇಳಿದಳು.

ಎಲ್ಲರೂ ಹೌದೆಂದು ತಲೆಯಾಡಿಸಿದರು. ಆ ತಲೆಗಳನ್ನು ನೋಡಿ ಆಕೆಯ ಮುಖ ಸಣ್ಣದಾಯಿತು. ಇಷ್ಟು ದಿನ ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡಿದ್ದಳು. ಈಗ ಕೆಟ್ಟಿರುವುದು ತನ್ನ ಕಿವಿಯೇ, ತೆರೆದಿದ್ದ ಕಿಂಡಿಯನ್ನು ಶಿವ ಮತ್ತೆ ಮುಚ್ಚಿದ್ದಾನೆ ಎಂದು ತಿಳಿದಳು. ಅಂದಿನ ಹಾಲಿನ ಲೋಟವನ್ನೂ ಕೈಯಿಂದ ದೂರ ಸರಿಸಿಬಿಟ್ಟಳು.

ತೋಟಪ್ಪನಿಗೆ ಹೊಟ್ಟೆಯ ಹಸಿವು ಮರೆತುಹೋಯಿತು. ಇಷ್ಟು ಹೊತ್ತು ಅವನಿಗೆ ಎಲೆಯ ಯೋಚನೆ ಇತ್ತು, ಪ್ಲೇಟಿನ ಯೋಚನೆ ಇತ್ತು. ಸರಿಸಿಟ್ಟ ಆ ಲೋಟವನ್ನು ನೋಡಿ ಅವನಿಗೆ ಭಯವಾಯಿತು. ಏನಾದರೂ ಮಾಡು ಎಂದು ಪಾಲಯ್ಯನ ಹೆಗಲು ಹಿಡಿದ. ಪಾಲಯ್ಯ ಏನು ಮಾಡಬೇಕೆಂದು ತೋಚದಿದ್ದಾಗ ಏನನ್ನಾದರೂ ಬಿಚ್ಚುವವನು. ಪೆಟ್ಟಿಗೆಯಿಂದ ತುತ್ತೂರಿಯನ್ನು ತಿರುಗಿಸಿ ಕಳಚಿದ. ಒಳಗೆ ಒದ್ದೆ ಬಟ್ಟೆ ಕಟ್ಟಿದ ಕೋಲು ಹಾಕಿ ಎಳೆದ. ಬಾಗಿದ ಕಡೆ, ತೋಟಪ್ಪನ ಕೈ ಎಟುಕದಲ್ಲಿ, ಒಣಗಿದ ಪತ್ರೆ, ಮುದುಡಿದ ಹೂ, ಗಟ್ಟಿಯಾದ ವಿಭೂತಿ ಸೇರಿ ಒಂದು ಗುಬ್ಬಿಗೂಡಿನಷ್ಟು ಹೊರಗೆ ಬಂತು. ಪಾಲಯ್ಯನ ಮುಖ ಅರಳಿತು.

"ನೋಡ್ರಿ ಸಾವ್ಕಾರ್ರ, ನಿಮ್ಮ ಯಂತ್ರಕ್ಕ ಏನೂ ಆಗಿಲ್ಲ. ಭಕ್ತಿ ಕಟ್ಕೊಂಡೈತಿ, ಅಷ್ಟ."

ಅಯ್ಯನವರು ಕೆಮ್ಮಿದರು. ಪಾಲಯ್ಯ ತುತ್ತೂರಿಯನ್ನು ಆರಲೆಂದು ನೆಲದ ಮೇಲಿಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದ. ಅದರ ಅರಳಿದ ಬಾಯಿ ಅಡುಗೆಮನೆಯ ಕಡೆಗಿತ್ತು. ಸಣ್ಣ ತುದಿ ಮುದುಕಮ್ಮ ಕೂತಿದ್ದ ಕಂಬದ ಕಡೆಗೆ.

ಮುದುಕಮ್ಮ ಪತ್ರೆಯ ಗೂಡನ್ನು ಬಾಗಿ ನೋಡಿದಳು. ಇಷ್ಟೆಲ್ಲ ಸಿಕ್ಕಿಕೊಂಡಿತ್ತೆಂದರೆ ಹಾಡೂ ಇದರೊಳಗೇ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದು ಆಕೆಗೆ ಅನ್ನಿಸಿತು. ತುತ್ತೂರಿಯ ಸಣ್ಣ ತುದಿಯನ್ನು ಎತ್ತಿ ಕಣ್ಣಿಗೆ ಹಿಡಿದಳು. ಕತ್ತಲೆ. ಮೂಗಿಗೆ ಹಿಡಿದಳು. ವಿಭೂತಿಯ ವಾಸನೆ. ಆಮೇಲೆ ಕಿವಿಗೆ ಹಿಡಿದಳು.

ಒಳಗೆ ಕೊಟ್ರಬಸಮ್ಮ ಆರಿದ ಅನ್ನವನ್ನು ಎರಡನೆಯ ಸಲ ಬಿಸಿಮಾಡುತ್ತಿದ್ದಳು. ಹಸಿ ಸೌದೆ, ಹೊಗೆ ಕಣ್ಣಿಗೆ ತುಂಬಿತ್ತು. ಹೊರಗಿನವರಿಗೆ ಕೇಳಬಾರದೆಂಬ ಎಚ್ಚರ ಇಷ್ಟು ವರ್ಷದಲ್ಲಿ ಆಕೆಗೆ ತಪ್ಪಿಹೋಗಿತ್ತು, ಏಕೆಂದರೆ ಕೇಳಬಾರದವರಿಗೆ ಕೇಳುತ್ತಲೇ ಇರಲಿಲ್ಲ. ಅವಳು ತುಂಬು ಗಂಟಲಿನಲ್ಲಿ ಬಾಯಿ ಬಿಟ್ಟಳು.

"ಶಿವ ಶಿವಾ, ಏನು ಹಣೇಬರ ಬರದೀಯೋ ತಂದಿ! ಅಕ್ಕಿ ಗಿರಣಿ ಸೊಸಿ ಅಂತ ಊರಾಗ ಹೆಸರು, ಹೊಟ್ಟೀಗೆ ಹಿಡಿ ಕೂಳಿಲ್ಲ. ಆಕೀಗೇನು, ಗುಂಡುಕಲ್ಲಿನಂಗ ಕುಂತಾಳ. ಆಕಿ ನೇಮ ಮುಗಿಯೋದ್ರಾಗ ನನ್ನ ಮಣ್ಣು ಮುಗೀತೈತಿ."

ಪಡಸಾಲೆಯಲ್ಲಿ ತೋಟಪ್ಪ ನೆಲ ನೋಡಿದ. ಅಯ್ಯನವರು ತೊಲೆ ನೋಡಿದರು. ಹೆಂಡತಿಯ ಬಾಯಿ ಗುರುಗಳ ಮುಂದೆ ಬಯಲಾಯಿತಲ್ಲ ಎಂದು ತೋಟಪ್ಪ ಕುಗ್ಗಿಹೋದ. ತಾಯಿಗೆ ಕೇಳುವುದಿಲ್ಲ ಎಂಬುದೊಂದೇ ಸಮಾಧಾನ ಎಂದುಕೊಂಡು ತಲೆಯೆತ್ತಿದ.

ಮುದುಕಮ್ಮ ತುತ್ತೂರಿಯನ್ನು ಎರಡು ಕೈಯಲ್ಲಿ ಹಿಡಿದು ಬಾಯಿ ತೆರೆದು ಕೂತಿದ್ದಳು. ಕಣ್ಣಿನಲ್ಲಿ ನೀರು ತುಂಬಿ ನಿಂತಿತ್ತು. ಮೆಲ್ಲಗೆ ತುತ್ತೂರಿಯನ್ನು ಕೆಳಗಿಟ್ಟು, ಜಗುಲಿಯ ಕಡೆ ತಿರುಗಿ ಕೈ ಮುಗಿದಳು.

"ಕೇಳ್ತು," ಎಂದಳು. "ಶಿವನ ಹೆಸರು ಕೇಳ್ತು. ಎಲಿ ಹಾಕ್ರಿ."

ಮುದುಕಮ್ಮ ಅಡುಗೆಮನೆಯ ಕಡೆ ಮುಖ ಮಾಡಿ, ಅದೇ ಶಾಂತ ದನಿಯಲ್ಲಿ ಹೇಳಿದಳು.

"ಕೊಟ್ರಬಸಮ್ಮಾ, ಅದರ ಮುಂದಿಂದೂ ಕೇಳ್ತು. ಗುಂಡುಕಲ್ಲು ಉಣ್ಣಾಕ ಬರ್ತೈತಿ, ಮಣಿ ಹಾಕವ್ವ."

ಒಳಗೆ ಸೌಟು ಬಿದ್ದ ಸದ್ದಾಯಿತು. ಕೊಟ್ರಬಸಮ್ಮ ಹಿತ್ತಲಿನ ಬಾಗಿಲಿನಿಂದ ಓಡಿಹೋಗುವುದೋ ಒಲೆಗೇ ಇಳಿಯುವುದೋ ಎಂದು ಯೋಚಿಸುತ್ತಿದ್ದಳಂತೆ. ಆಮೇಲೆ ಓಣಿಯಲ್ಲಿ ಅವಳೇ ಹೇಳಿದ್ದು. ತೋಟಪ್ಪನಿಗೆ ಮಾತ್ರ ಒಂದು ಸಂಶಯ ಹುಟ್ಟಿತು. ಪೂಜೆಯ ಮಾತಾಗಿದ್ದರೆ ಸರಿ, ಹಾಡಾಗಿದ್ದರೂ ಸರಿ. ಅತ್ತೆಯನ್ನು ಬೈಯಲು ಎತ್ತಿಕೊಂಡ ಹೆಸರು ನೇಮಕ್ಕೆ ಸಲ್ಲುತ್ತದೆಯೇ? ಅವನು ತಗ್ಗಿದ ದನಿಯಲ್ಲಿ ಅಯ್ಯನವರನ್ನು ಕೇಳಿದ.

ಮರಿಸ್ವಾಮಿಯವರು ಆಗಲೇ ಮಣೆಯನ್ನು ಎಲೆ ಹಾಕುವ ಕಡೆಗೆ ಸರಿಸಿಕೊಂಡಿದ್ದರು.

"ಪ್ಲೇಟಿನಾಗ ಹಾಡಿದಾತ ಕೂಲಿಗೆ ಅಂದಾನ, ತೋಟಪ್ಪ. ಈಕಿ ಹಸಿವಿಗೆ ಅಂದಾಳ. ಶಿವನಿಗೆ ಯಾವುದು ಮೊದಲು ಮುಟ್ಟೀತು ಅನ್ನೋದನ್ನ ಉಂಡಮ್ಯಾಲ ವಿಚಾರ ಮಾಡೋಣು."

ಎಲೆ ಬಿದ್ದವು. ಕೊಟ್ರಬಸಮ್ಮ ತಲೆ ತುಂಬ ಸೆರಗು ಎಳೆದುಕೊಂಡು ಬಡಿಸಿದಳು. ಅತ್ತೆಯ ಎಲೆಗೆ ತುಪ್ಪ ಹಾಕುವಾಗ ಮಿಳ್ಳೆಯ ತುಪ್ಪವನ್ನೆಲ್ಲ ಸುರಿದುಬಿಟ್ಟಳು. ಮುದುಕಮ್ಮ ಬೇಡ ಎನ್ನಲಿಲ್ಲ. ಉಂಡ ಮೇಲೆ ವಿಚಾರ ಮಾಡೋಣ ಎಂದಿದ್ದ ಅಯ್ಯನವರು ಉಂಡ ಮೇಲೆ ಕಂಬಕ್ಕೆ ಒರಗಿ ನಿದ್ದೆಹೋದರು. ಆ ಪ್ರಶ್ನೆ ಹಾಗೆಯೇ ಉಳಿಯಿತು.

ತುತ್ತೂರಿಯನ್ನು ಪೆಟ್ಟಿಗೆಗೆ ಮತ್ತೆ ಸೇರಿಸುತ್ತೇನೆಂದು ಪಾಲಯ್ಯ ಕೈ ಹಾಕಿದಾಗ ಮುದುಕಮ್ಮ ಅದನ್ನು ಮಡಿಲಿಗೆ ಎಳೆದುಕೊಂಡಳು. ಅವನು ಪೆಟ್ಟಿಗೆ ಮೂಕವಾಗುತ್ತದೆ ಎಂದು ತೋಟಪ್ಪನಿಗೆ ಹೇಳಿದ. ಇರಲಿ ಎಂದ ತೋಟಪ್ಪ. ಅಷ್ಟು ದಿನ ಪೆಟ್ಟಿಗೆಯ ಒಂದು ತಿರುಪು ಸಡಿಲವಾದರೂ ಕಂಪ್ಲಿಯನ್ನೇ ತಲೆಕೆಳಗು ಮಾಡುತ್ತಿದ್ದ ಮನುಷ್ಯ, ತುತ್ತೂರಿಯಿಲ್ಲದ ಪೆಟ್ಟಿಗೆಗೆ ತಾನೇ ರುಮಾಲು ಹೊದಿಸಿದ. ಸಂಜೆ ಜಾಲಿಮುಳ್ಳು ಸಿಕ್ಕಿಸಿ, ಗುಂಡು ತಲೆಯ ಹತ್ತಿರ ಕಿವಿಯಿಟ್ಟು, ಸೊಳ್ಳೆ ಹಾಡಿದಷ್ಟು ಸಣ್ಣಗೆ ಹಾಡು ಕೇಳಿಕೊಂಡ. ಮುಳ್ಳು ಪ್ಲೇಟನ್ನು ಉಳುತ್ತಿರಲಿಲ್ಲ, ಅವನಿಗೆ ಅಷ್ಟು ಸಾಕಾಯಿತು.

ಮಾರನೆಯ ಬೆಳಿಗ್ಗೆ ಕೊಟ್ರಬಸಮ್ಮ ಬೇಗ ಎದ್ದು ಮೈತೊಳೆದು, ಹಣೆಗೆ ವಿಭೂತಿ ಇಟ್ಟು, ಒಗೆದ ಸೀರೆ ಉಟ್ಟು ಬಂದಳು. ನಿನ್ನೆಯ ತಪ್ಪನ್ನು ಇಂದು ಒಪ್ಪ ಮಾಡಬೇಕೆಂದು ರಾತ್ರಿಯೇ ನಿಶ್ಚಯಿಸಿದ್ದಳು. ಮುದುಕಮ್ಮ ಲಿಂಗಪೂಜೆ ಮುಗಿಸಿ ತುತ್ತೂರಿಯನ್ನು ಕಿವಿಗೆ ಹಿಡಿದು ಕಾದಿದ್ದಳು. ಕೊಟ್ರಬಸಮ್ಮ ಅದರ ಅರಳಿದ ಬಾಯಿಯ ಮುಂದೆ ಮೊಣಕಾಲೂರಿ ಕೂತು, ಕಣ್ಣು ಮುಚ್ಚಿ, ದನಿಯಲ್ಲಿ ಬೆಲ್ಲ ಬೆರೆಸಿ, ಶಿವನ ಹೆಸರನ್ನು ನಿಧಾನವಾಗಿ ಹೇಳಿದಳು. ತೋಟಪ್ಪ ಆಗಲೇ ಎಲೆಯ ಮುಂದೆ ಕೂತು ನೀರು ಚಿಮುಕಿಸಿಕೊಂಡಿದ್ದ.

ಮುದುಕಮ್ಮ ಅಲ್ಲ ಎಂದು ತಲೆಯಾಡಿಸಿದಳು.

"ಬಾಯಿಂದ ಬಂತವ್ವ. ನಿನ್ನಿ ಅಂದಂಗ ಅನ್ನು. ನಿನ್ನೀದು ಹೊಟ್ಟ್ಯಾಗಿಂದ ಬಂದಿತ್ತು."

ಕೊಟ್ರಬಸಮ್ಮ ಗಂಡನನ್ನು ನೋಡಿದಳು. ಗಂಡ ಎಲೆಯನ್ನು ನೋಡಿದ. ಅವಳು ಗಂಟಲು ಸರಿಮಾಡಿಕೊಂಡು, ಸಂಕೋಚದಿಂದಲೇ, ಶಿವ ಶಿವಾ, ಈ ಸೌದೆ ಹಸಿಯದು ಎಂದು ಶುರುಮಾಡಿದಳು. ಮುದುಕಮ್ಮನ ಮುಖ ಅರಳಿತು. ಸೌದೆಯಿಂದ ಹೊಗೆಗೆ, ಹೊಗೆಯಿಂದ ತೊಲೆಯ ಮೇಲಿನ ಹೊಟ್ಟಿಗೆ, ಹೊಟ್ಟಿನಿಂದ ಗಿರಣಿಗೆ, ಗಿರಣಿಯಿಂದ ಅದರ ಸಾವುಕಾರನಿಗೆ ಮಾತು ಬಂದು ನಿಂತಾಗ ಕೊಟ್ರಬಸಮ್ಮನ ಸಂಕೋಚ ಪೂರಾ ಹೋಗಿತ್ತು. ದನಿ ತುಂಬಿ ಬರುತ್ತಿತ್ತು. ಒಲೆಯ ಮೇಲೆ ಅನ್ನ ಆರತೊಡಗಿತು. ತೋಟಪ್ಪ ತಡೆಯಲಾರದೆ ಎದ್ದು ಬಂದು, ಹೆಂಡತಿಯನ್ನು ಸರಿಸಿ, ತುತ್ತೂರಿಗೆ ಬಾಯಿಟ್ಟ.

"ಅವ್ವಾ, ಹೆಸರು ಕಿವಿಗೆ ಬಿತ್ತಲ್ಲ. ಉಣ್ಣೋಣು ಏಳು."

ಮುದುಕಮ್ಮ ಮಗನ ದನಿಯನ್ನು ಎಷ್ಟೋ ವರ್ಷದ ಮೇಲೆ ಕೇಳಿದ್ದಳು. ಆ ಸಂತೋಷಕ್ಕೆ ಅವನ ಗಲ್ಲ ಸವರಿದಳು. ಸವರಿ ಅವನನ್ನು ಮೆಲ್ಲಗೆ ಒಂದು ಪಕ್ಕಕ್ಕೆ ಸರಿಸಿದಳು.

"ಹೆಸರು ಬಿತ್ತಪ್ಪ. ಮನಿ ಸುದ್ದಿ ಭಾಳ ವರ್ಷದ್ದು ಬಾಕಿ ಐತಿ. ನೀ ಕುಂದ್ರು. ಹೇಳವ್ವ ಕೊಟ್ರಬಸಮ್ಮಾ, ಆಮ್ಯಾಲೇನಾತು?"